ನಡುವಿನ ಕುರ್ಚಿಗೆ ಬಾರದ ಬೇಸ್

ಹೋಂ ಥಿಯೇಟರ್ ಕೆಲಸ ಕಲಿಯಬೇಕೆಂದು ನನ್ನ ಹತ್ತಿರ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಎಷ್ಟು ವ್ಯಾಟ್‌ದು ಇಡ್ಬೇಕು?" ಎಲ್ಲಿ ಇಡಬೇಕು ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಅವರನ್ನು ಬೈಯುವ ಹಾಗೂ ಇಲ್ಲ, ಯಾಕೆಂದರೆ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದರೂ ನಾನೂ ಅದನ್ನು ಕೇಳಿಕೊಂಡವನಲ್ಲ. ಕೇಳಿಕೊಳ್ಳದ ತಪ್ಪಿಗೆ ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ, ಮನೆಮಂದಿಯೆಲ್ಲ ನಿಂತು ನೋಡುತ್ತಿರುವಾಗ, ಪಂಚೆ ಎತ್ತಿಕಟ್ಟಿ ಅಂಬೆಗಾಲಿಡಬೇಕಾಯಿತು. ಈಗ ಅಂಗಡಿಯನ್ನು ಬೇರೆಯವರಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ. ಕೂತವನಿಗೆ ಹೇಳಿಕೊಳ್ಳಲು ನಾಚಿಕೆ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೆಯ ಕ್ಲಾಸು. ಲೆಕ್ಕದ ಮೇಷ್ಟ್ರಿಗೂ ನನಗೂ ಸರಿಬರಲಿಲ್ಲ, ಇಬ್ಬರಲ್ಲಿ ಒಬ್ಬರು ಸ್ಕೂಲು ಬಿಡಬೇಕಾಯಿತು, ನಾನು ಬಿಟ್ಟೆ. ಬಿಟ್ಟವನು ಸೇರಿಕೊಂಡದ್ದು ಸ್ಟೇಷನ್ ರಸ್ತೆಯಲ್ಲಿದ್ದ ಖಾದರ್ ಸಾಬರ ಮೈಕ್‌ಸೆಟ್ ಅಂಗಡಿಗೆ. ಮದುವೆ, ಹರಿಕಥೆ, ನಾಟಕ ಎಲ್ಲದಕ್ಕೂ ನಮ್ಮದೇ ಕಹಳೆ ಸ್ಪೀಕರು. ಸಾಬರು ಮಾತು ಕಡಿಮೆ ಆಡುವ ಮನುಷ್ಯ. ಬೈಗುಳವನ್ನಂತೂ ಹಬ್ಬದ ಬಟ್ಟೆಯ ಹಾಗೆ ಎತ್ತಿಟ್ಟಿದ್ದರು, ವರ್ಷಕ್ಕೆ ಒಂದೋ ಎರಡೋ ಸಲ ತೆಗೆಯುತ್ತಿದ್ದರು.

ಒಮ್ಮೆ ಮಾಲೇಕಲ್ಲಿನ ಬೆಟ್ಟದ ಮೇಲೆ ಭಜನೆಗೆ ಮೈಕು ಕಟ್ಟಬೇಕಿತ್ತು. ಬ್ಯಾಟರಿ ತಲೆಯ ಮೇಲೆ, ಕಹಳೆ ಎರಡು ಹೆಗಲಿಗೆ, ಸುತ್ತಿದ ವೈರು ಕತ್ತಿನಲ್ಲಿ ಹಾರದ ಹಾಗೆ ಹಾಕಿಕೊಂಡು ಅಷ್ಟೂ ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ಎಲ್ಲ ಬಿಚ್ಚಿ ಹರಡಿದರೆ ಮೈಕೇ ಇಲ್ಲ! ಅದು ಬೆಟ್ಟದ ಬುಡದಲ್ಲಿ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಬಿದ್ದಿತ್ತು. ಭಜನೆಯವರು ತಾಳ ಹಿಡಿದು ಕೂತಿದ್ದಾರೆ. ಸಾಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇಳಿ. ತಗೊಂಡು ಮತ್ತೆ ಹತ್ತು. ತಲೆ ಮರೆತ್ರೂ ಕಾಲಿಗೆ ನೆನಪಿರ್ತದೆ," ಅಂದರು.

ಕಾಲಿಗೆ ಈಗಲೂ ನೆನಪಿದೆ. ಆದರೆ ಅವರು ಅವತ್ತೇ ಇನ್ನೊಂದು ಪಾಠವನ್ನೂ ಕಲಿಸಿದರು, ಅದನ್ನು ನನ್ನ ತಲೆ ತೆಗೆದುಕೊಳ್ಳಲಿಲ್ಲ. ಕಹಳೆ ಕಟ್ಟಿ ಹಾಡು ಹಚ್ಚಿದ ಮೇಲೆ ಸಾಬರು ಯಂತ್ರದ ಹತ್ತಿರ ನಿಲ್ಲುತ್ತಿರಲಿಲ್ಲ. ಹೆಂಗಸರು ಕೂತ ಕಡೆ, ಚಪ್ಪಲಿ ಬಿಡುವ ಕಡೆ, ಅಡುಗೆಯ ಒಲೆಯ ಹತ್ತಿರ ಹೋಗಿ ಒಂದೊಂದು ಗಳಿಗೆ ನಿಂತು ಬರುತ್ತಿದ್ದರು. ನಾನು ಅದನ್ನು ಬೀಡಿ ಸೇದಲು ಹೋಗುವ ನೆಪ ಅಂದುಕೊಂಡಿದ್ದೆ.

ಆಮೇಲೆ ಕಹಳೆಯ ಕಾಲ ಮುಗಿಯಿತು. ಪೆಟ್ಟಿಗೆ ಸ್ಪೀಕರುಗಳು ಬಂದವು, ಟೇಪು ಹೋಯಿತು, ಸಿಡಿ ಬಂತು, ಅದೂ ಹೋಯಿತು. ನಾನು ಸ್ವಂತ ಅಂಗಡಿ ಇಟ್ಟೆ. ಸಾಲದ ಅಂಗಡಿಯಲ್ಲ, ಬೆನ್ನು ಮುರಿದು ದುಡಿದ ಅಂಗಡಿ. ಮನೆಗಳಿಗೇ ಸಿನಿಮಾ ಬಂದ ಮೇಲೆ ಅರಸೀಕೆರೆಯಿಂದ ಬೇಲೂರು, ಹಳೇಬೀಡಿನ ತನಕ ಕೆಂಚಣ್ಣನೇ ಬರಬೇಕು ಅನ್ನುವಷ್ಟು ಹೆಸರಾಯಿತು. ಈ ಹೋಂ ಥಿಯೇಟರಿನಲ್ಲಿ ಮಾತಿಗೆ, ಹಾಡಿಗೆ ಸಣ್ಣ ಸ್ಪೀಕರುಗಳಿದ್ದರೆ, ಗುಡುಗು, ನಗಾರಿ, ಲಾರಿ, ಆನೆಯ ಹೆಜ್ಜೆ ಇಂಥ ದಪ್ಪ ಸದ್ದಿಗೆಂದೇ ಒಂದು ದೊಡ್ಡ ಪೆಟ್ಟಿಗೆ. ಹೆಸರು ಸಬ್‌ವೂಫರ್. ನಮ್ಮ ಕಡೆ ಬರೀ ವೂಫರ್. ಇನ್ನೂ ಒಳಗಿನ ಊರುಗಳಲ್ಲಿ ಬೇಸ್ ಡಬ್ಬ. ಕಿವಿಗಿಂತ ಎದೆಗೆ, ಪಾದಕ್ಕೆ ಹೆಚ್ಚು ಕೇಳಿಸುವ ಸದ್ದು ಅದರದು.

ಈ ಡಬ್ಬದ ಬಗ್ಗೆ ಜನರಿಗೆ ಇರುವ ಸಲಿಗೆ ಬೇರೆ ಯಾವ ಯಂತ್ರದ ಬಗ್ಗೆಯೂ ಇಲ್ಲ. ಗೆಂಡೆಹಳ್ಳಿಯ ಒಬ್ಬ ರೈತರ ಮನೆಯಿಂದ ಫೋನು ಬಂತು: "ಕೆಂಚಣ್ಣಾ, ನೀನು ಕೊಟ್ಟ ಡಬ್ಬ ಗೊರಗೊರ ಅಂತೈತೆ. ಕೆಮ್ಮು ಬಂದಂಗೈತೆ." ಬಸ್ಸು ಹತ್ತಿ ಹೋದೆ. ವೂಫರಿನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿ, ಜಾಡಿಯ ಮೇಲೆ ಮಗುವಿನ ಟೋಪಿ. ಅವೆಲ್ಲ ಇಳಿಸಿದರೂ ಕೆಮ್ಮು ನಿಲ್ಲಲಿಲ್ಲ. ಪೆಟ್ಟಿಗೆಯ ಹಿಂದೆ ಗಾಳಿ ಆಡಲು ಒಂದು ದೊಡ್ಡ ತೂತು ಇರುತ್ತದೆ. ಅದಕ್ಕೆ ಕೈ ಹಾಕಿದೆ. ಮೂರು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ!

ತಲೆಯೆತ್ತಿದರೆ ಆ ಮನೆಯ ತಾತ ಬಾಗಿಲ ಸಂದಿಯಲ್ಲಿ ಎರಡೂ ಕೈ ಜೋಡಿಸಿ ನಿಂತಿದ್ದಾನೆ. ಡಾಕ್ಟರು ಬಿಡಿಸಿದ್ದ ಬೀಡಿಯದು. ಸೊಸೆ ಅಡುಗೆಮನೆಯಿಂದ ಕೂಗಿದಳು: "ಏನಿತ್ತು ಅಣ್ಣಾ ಒಳಗೆ?"

"ಇಲಿ ಗೂಡು ಕಟ್ಟಿತ್ತು ಕಣವ್ವಾ," ಅಂದೆ.

"ಅಯ್ಯೋ, ಅದಕ್ಕೇ ಆ ಮೂಲೇಲಿ ಯಾವಾಗ್ಲೂ ಬೀಡಿ ನಾತ. ಇಲೀನೂ ಸೇದುತ್ತೇನೋ!" ಅಂದಳು. ಸೊಸೆಯಂದಿರಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ತಾತ ಅವತ್ತು ತಾನೇ ಮುಂದೆ ನಿಂತು ನನಗೆ ಎಳನೀರು ಕೆತ್ತಿಸಿಕೊಟ್ಟ.

ಬಿಕ್ಕೋಡಿನ ಹತ್ತಿರದ ಕಾಫಿ ತೋಟದ ಮನೆಯ ಕಥೆ ಬೇರೆ. ಸಾಹುಕಾರರು ಜೀಪು ಕಳಿಸಿ ಕರೆಸಿದ್ದರು. ಹಾಲಿನಲ್ಲಿ ಚೊಕ್ಕಟವಾಗಿ ಎಲ್ಲ ಜೋಡಿಸಿ, ವೂಫರನ್ನು ಕಣ್ಣಿಗೆ ಬೀಳದ ಹಾಗೆ ಮೂಲೆಗೆ ತಳ್ಳಿದೆ. ಸಿನಿಮಾ ಹಚ್ಚಿದ ಕೂಡಲೇ ಶೋಕೇಸಿನ ಪಿಂಗಾಣಿ ಬಟ್ಟಲುಗಳೆಲ್ಲ ಕಿಣಿಕಿಣಿ ಅಂತ ಕುಣಿಯತೊಡಗಿದವು. ಬಟ್ಟಲುಗಳ ನಡುವೆ ಕಾಗದ ಮಡಿಸಿ ತುರುಕಿದೆ. ಆಗ ಕಿಟಕಿಯ ಗಾಜು ಹಾಡಿತು. ಅದಕ್ಕೂ ಕಾಗದ. ಆಗ ಗೋಡೆಯ ಮೇಲಿನ ಹಿರಿಯರ ಫೋಟೋಗಳು ಒಂದೊಂದಾಗಿ ತಲೆಯಾಡಿಸಿದವು. ಅರ್ಧ ದಿನ ಮನೆಯ ಸಂದಿಗೊಂದಿಗೆಲ್ಲ ಕಾಗದ ತುರುಕುತ್ತಾ ತಿರುಗಿದೆ.

ಸಾಹುಕಾರರ ಹೆಂಡತಿ ತಣ್ಣಗೆ ಕೇಳಿದರು: "ಕೆಂಚಣ್ಣ, ಮನೇಲಿದ್ದ ಪೇಪರ್ ಮುಗೀತು. ನೆಂಟರ ಮದುವೆ ಪತ್ರಿಕೆ ಕೊಡ್ಲಾ?"

ಕೊನೆಗೆ ಬೇಸರದಿಂದ ಪೆಟ್ಟಿಗೆಯನ್ನು ಮೂಲೆಯಿಂದ ಒಂದು ಮಾರು ಈಚೆಗೆ ಎಳೆದೆ. ಅಷ್ಟೇ. ಮನೆ ತೆಪ್ಪಗಾಯಿತು. ಮೂಲೆಯಲ್ಲಿಟ್ಟರೆ ಎರಡು ಗೋಡೆ, ಒಂದು ನೆಲ ಸೇರಿ ಆ ಸದ್ದನ್ನು ಉಬ್ಬಿಸುತ್ತವೆ. ಇಂಥ ಅನುಭವವಾದ ಮೇಲೆ ಬುದ್ಧಿವಂತನಾದವನು "ಜಾಗವೇ ಮುಖ್ಯ" ಅಂತ ಕಲಿಯುತ್ತಿದ್ದ. ನಾನು ಕಲಿತದ್ದು "ಮೂಲೆಯಲ್ಲಿ ಇಡಬಾರದು" ಅಂತ ಮಾತ್ರ. ಏನೂ ಕಲಿಯದವನು ಇನ್ನೊಬ್ಬರನ್ನು ಕೇಳುತ್ತಾನೆ, ಅರ್ಧ ಪಾಠ ಕಲಿತವನು ಕೇಳುವುದಿಲ್ಲ. ಅದೇ ತೊಂದರೆ.

ಹಳೇಬೀಡಿನಲ್ಲಿ ಲಾಡ್ಜು ನಡೆಸುವ ಒಬ್ಬರಂತೂ ನನ್ನಿಂದ ನಾಲ್ಕು ವೂಫರು ತೆಗೆದುಕೊಂಡು ಒಂದರ ಮೇಲೊಂದು ಗೂಡೆಯ ಹಾಗೆ ಪೇರಿಸಿದರು. ಅವರು ಹಚ್ಚಿದ ದಿನ, ಬಿಸಿಲಿನಲ್ಲಿ ಗುಡಿ ನೋಡಿ ಬರುತ್ತಿದ್ದ ಪ್ರವಾಸಿಗಳು ಗುಡುಗು ಅಂದುಕೊಂಡು ಕೊಡೆ ಬಿಚ್ಚಿದರಂತೆ. ನಾನು ಅದನ್ನು ಹೆಮ್ಮೆಯಿಂದ ಹತ್ತು ಜನರಿಗೆ ಹೇಳಿದೆ. ಒಂದು ಸಾಲದಿದ್ದರೆ ಎರಡು, ಎರಡು ಸಾಲದಿದ್ದರೆ ನಾಲ್ಕು ಅನ್ನುವುದೇ ನನ್ನ ಶಾಸ್ತ್ರವಾಗಿತ್ತು.

ಆ ಶಾಸ್ತ್ರ ಹೊತ್ತುಕೊಂಡೇ ಮರುಳಪ್ಪನವರ ಮನೆಗೆ ಹೋದೆ.

ಮರುಳಪ್ಪನವರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಹೊಸ ಮನೆ ಕಟ್ಟಿಸಿದಾಗ ನಡುಮನೆಯ ಪಕ್ಕದಲ್ಲಿ ಸಿನಿಮಾಕ್ಕೆಂದೇ ಒಂದು ಕೋಣೆ ಬಿಡಿಸಿದ್ದರು. ಕಾಫಿ ಕೊಟ್ಟು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಕೆಂಚಣ್ಣ, ಇದು ನನಗಲ್ಲ. ನಂಗೆ ಸಿನಿಮಾ ಹಾಕಿದ್ರೆ ಹತ್ತು ನಿಮಿಷಕ್ಕೆ ಗೊರಕೆ. ಇದು ಅವ್ವಂಗೆ."

ಅವರ ತಾಯಿ ಗಂಗಮ್ಮನವರಿಗೆ ಕಿವಿ ಬಹುಪಾಲು ಹೋಗಿತ್ತು. ಕಿವಿಯ ಯಂತ್ರ ತಂದುಕೊಟ್ಟರೆ, "ಜೀರುಂಡೆ ಹಿಡಿದು ಒಳಗೆ ಬಿಟ್ಟಂಗೈತೆ ಕಣೋ" ಅಂತ ಕಿತ್ತು ತಟ್ಟೆಯಲ್ಲಿಟ್ಟರಂತೆ. ಬರಬರುತ್ತಾ ಮಾತೂ ಕಡಿಮೆ ಮಾಡಿದ್ದರು. ಎಲ್ಲರೂ ನಕ್ಕರೆ ಒಂದು ಗಳಿಗೆ ತಡವಾಗಿ ತಾವೂ ನಗುತ್ತಿದ್ದರು. ಅಷ್ಟೇ.

"ಮೊನ್ನೆ ಮಗಳ ಮದುವೇಲಿ ವೀರಭದ್ರನ ಗುಗ್ಗುಳದ ಪೂಜೆಗೆ ವೀರಗಾಸೆ ಮೇಳ ಕರೆಸಿದ್ವಲ್ಲ," ಅಂದರು ಮರುಳಪ್ಪನವರು. "ಚಮಾಳದೋನು ಬಾರಿಸೋಕೆ ಶುರು ಮಾಡಿದ್ನೋ ಇಲ್ವೋ, ಅವ್ವ ನೆಟ್ಟಗೆ ಕೂತು ನನ್ನ ತೊಡೆ ಮೇಲೆ ತಾಳ ಹಾಕೋಕೆ ಹತ್ತಿದ್ರು. ಕಿವಿ ಕೇಳ್ದೋರು! ಮೇಳದೋರು ಹೋದ್ರು, ಅವ್ವ ಮತ್ತೆ ಸುಮ್ಮಗಾದ್ರು. ಅವತ್ತಿನದ್ದು ವಿಡಿಯೋ ಮಾಡಿಸಿ ಇಟ್ಟಿದೀನಿ. ಆ ಪೆಟ್ಟು ಈ ಕೋಣೇಲಿ ಅವರ ಮೈಗೆ ಬೀಳ್ಬೇಕು. ಆಯ್ತದಾ?"

ಸಣ್ಣ ದನಿಗೆ ಅವರ ಕಿವಿ ಮುಚ್ಚಿದ್ದರೂ ಚಮಾಳದಂಥ ಚರ್ಮವಾದ್ಯದ ದಪ್ಪ ಸದ್ದು ಮೈಯ ದಾರಿಯಿಂದ ಒಳಗೆ ಹೋಗುತ್ತಿತ್ತು. ಅದು ವೂಫರಿನ ಕೆಲಸವೇ.

"ಯಜಮಾನ್ರೇ, ಬೀಳದೇ ಇದ್ರೆ ನನ್ನ ಅಂಗಡಿ ಬೋರ್ಡು ಇಳಿಸ್ತೀನಿ," ಅಂದೆ.

ಆ ಮನೆಯಲ್ಲಿ ಊಟಕ್ಕೆ ಕೂತರೂ, ಫೋಟೋಕ್ಕೆ ನಿಂತರೂ ಹಿರಿಯರು ನಡುವೆ. ಅದೇ ಪದ್ಧತಿಯ ಮೇಲೆ ಬಡಗಿ ಕೋಣೆಯ ನಟ್ಟನಡುವೆ ಒಂದು ಮರದ ಜಗಲಿ ಹೊಡೆದು, ಅದರ ಮೇಲೆ ತೇಗದ ದೊಡ್ಡ ಕುರ್ಚಿ ಕೂರಿಸಿದ್ದ. ಗಂಗಮ್ಮನವರದು. ಮಿಕ್ಕವರದು ಹಿಂದೆ, ಮುಂದೆ, ಪಕ್ಕದಲ್ಲಿ. ನಾನು ಪರದೆಯ ಕೆಳಗೆ ಎರಡು ವೂಫರುಗಳನ್ನು ಜೋಡೆತ್ತಿನ ಹಾಗೆ ನಿಲ್ಲಿಸಿ, ಹಿಂದಿನ ಗುಂಡಿಗಳನ್ನೆಲ್ಲ ನನಗೆ ಸರಿ ಕಂಡ ಹಾಗೆ ತಿರುಗಿಸಿ, ಎಲ್ಲರನ್ನೂ ಕರೆದೆ.

ವೀರಗಾಸೆಯ ವಿಡಿಯೋ ಶುರುವಾಯಿತು. ಹಿಂದಿನ ಸಾಲಿನಲ್ಲಿದ್ದ ಮರುಳಪ್ಪನವರು "ಅಬ್ಬಬ್ಬಾ!" ಅಂತ ಎದೆ ಮುಟ್ಟಿಕೊಂಡರು. ಅವರ ಹೆಂಡತಿ ಶಾರದಮ್ಮ ಅಡುಗೆಮನೆಯಿಂದ ಓಡಿಬಂದು, ಲೋಟಗಳು ಕಟ್ಟೆಯ ಮೇಲೆ ತಾವಾಗಿಯೇ ನಡೆಯುತ್ತಿವೆ ಅಂದರು. ನಾನು ಮೀಸೆ ತಿರುವಿ ಗಂಗಮ್ಮನವರ ಕಡೆ ನೋಡಿದೆ.

ಅವರು ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. "ಯಾವಾಗ ಹಾಕ್ತೀಯಪ್ಪಾ?" ಅಂದರು.

ಇನ್ನೂ ಏರಿಸಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಗಂಗಮ್ಮನವರು, "ಕರೆಂಟಿಲ್ವೇನೋ ಪಾಪ," ಅಂತ ಮಗನಿಗೆ ಹೇಳಿದರು.

ಆಗ ನಾನು ಮಾಡಿದ ಕೆಲಸಕ್ಕೆ ಈಗಲೂ ತಲೆ ತಗ್ಗುತ್ತದೆ. ತಪ್ಪು ಯಂತ್ರದ್ದಲ್ಲ, ನನ್ನದಂತೂ ಅಲ್ಲವೇ ಅಲ್ಲ ಅಂತ ತೀರ್ಮಾನಿಸಿ ಮರುಳಪ್ಪನವರ ಹತ್ತಿರ ಹೋಗಿ, "ಯಜಮಾನ್ರೇ, ಅಮ್ಮಾವ್ರಿಗೆ ವಯಸ್ಸಾಯ್ತು ನೋಡಿ, ಮೈಯೂ ಮಂದ ಆಗಿರ್ಬೇಕು," ಅಂದೆ. ಮರುಳಪ್ಪನವರ ಮುಖ ಬಾಡಿತು. ಕಿವಿ ಕೇಳದವರು ಮುಖವನ್ನು ನಮಗಿಂತ ಚೆನ್ನಾಗಿ ಓದುತ್ತಾರೆ. ಗಂಗಮ್ಮನವರು ಕೋಲೂರಿ ಎದ್ದರು.

"ಏನಂದ? ನಂಗೆ ವಯಸ್ಸಾಯ್ತು ಅಂದ್ನಾ? ಹೋಗಿರೋದು ಕಿವಿ ಕಣಪ್ಪಾ, ಮೈ ಹೋಗಿಲ್ಲ." ಮುಂದಿನ ಗೋಡೆಗೆ ಹೋಗಿ ಅಂಗೈ ಇಟ್ಟರು. "ಇಲ್ಲೈತೆ." ಹಿಂದಿನ ಗೋಡೆಗೆ ಹೋದರು. "ಇಲ್ಲೂ ಐತೆ. ಇವನು ಕೂತಿರೋ ಕುರ್ಚೀಲೂ ಐತೆ. ನನ್ನ ಕುರ್ಚೀಲಿಲ್ಲ. ನೀನೇ ಕೂತು ನೋಡು ಬಾ."

ಹೋಗಿ ಕೂತೆ. ಚಮಾಳದವನು ಪರದೆಯ ಮೇಲೆ ಮೈಮರೆತು ಬಾರಿಸುತ್ತಿದ್ದಾನೆ, ನನ್ನ ಮೈಗೆ ಬರುತ್ತಿರುವುದು ಹಪ್ಪಳ ಮುರಿದಂಥ ಸದ್ದು. ಎದ್ದು ಎರಡು ಹೆಜ್ಜೆ ಹಿಂದೆ ಹೋದರೆ ಗುಡುಗು. ಮತ್ತೆ ಕೂತರೆ ಹಪ್ಪಳ. ಇಡೀ ಕೋಣೆಯಲ್ಲಿ ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೆವೋ ಅವರ ಕುರ್ಚಿಯೊಂದನ್ನು ಬಿಟ್ಟು ಎಲ್ಲ ಕಡೆ ಬೇಸ್!

ಮಾರನೆಯ ದಿನ ನನ್ನ ಶಾಸ್ತ್ರದ ಪ್ರಕಾರ ಮೂರನೆಯ ವೂಫರು ತಂದೆ. ಅವಮಾನದ ಬಿಸಿಯಲ್ಲಿ ಅದರ ಹಿಂದಿನ ಗುಂಡಿಗಳನ್ನು ಮುಟ್ಟಲೂ ಇಲ್ಲ, ತಂತಿ ಸಿಕ್ಕಿಸಿ ಮಿಕ್ಕೆರಡರ ಪಕ್ಕಕ್ಕೆ ತಳ್ಳಿದೆ. ವಿಚಿತ್ರ ನೋಡಿ, ಇದ್ದ ಸದ್ದೂ ಇಳಿದುಹೋಯಿತು.

"ಕೆಂಚಣ್ಣ, ನಾಲ್ಕನೇದು ತಂದ್ರೆ ಪರದೆ ಕಾಣ್ಸಲ್ಲ," ಅಂದರು ಮರುಳಪ್ಪನವರು. ನಗುತ್ತಲೇ ಅಂದರು, ಆದರೆ ಕಣ್ಣು ನಗುತ್ತಿರಲಿಲ್ಲ.

ಗಂಗಮ್ಮನವರು ಮೂರು ಪೆಟ್ಟಿಗೆಗಳನ್ನೂ ಒಮ್ಮೆ ನೋಡಿ ಮಗನ ತೋಳು ಹಿಡಿದರು. "ಬಿಡೋ ಮರುಳಾ. ಒಂದು ಮುದುಕಿಗೋಸ್ಕರ ಇಷ್ಟೊಂದು ಡಬ್ಬ ಯಾಕೆ? ಆ ಕೋಣೇಲಿ ಕೊಬ್ಬರಿ ತುಂಬ್ಸು, ಹುಳ ಹಿಡಿಯಲ್ಲ." ಹಾಗಂದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೋರ್ಡು ಇಳಿಸುವ ಮಾತು ಬಿಡಿ. ಬಾಯಿಮಾತಿಗೆ ಯಾರೂ ಏಣಿ ತರುವುದಿಲ್ಲ. ಆದರೆ ಆ ಹೆಂಗಸು ಇನ್ನೊಂದು ಸಲ ಆ ಕುರ್ಚಿಯಲ್ಲಿ ಕೂರುವುದಿಲ್ಲವೇನೋ ಅನ್ನಿಸಿತು. ಮನೆಗೆ ಬಂದು ಅನ್ನ ಸೇರಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ವೂಫರು ಮಾರುವ ಕಂಪನಿಗೆ ಫೋನು ಮಾಡಿ, "ನನಗೆ ತಿಳೀತಿಲ್ಲ, ಯಾರನ್ನಾದ್ರೂ ಕಳಿಸಿ," ಅಂದೆ.

ಕಳಿಸಿದರು. ರೈಲಿನಿಂದ ಇಳಿದದ್ದು ನನ್ನ ಮಗಳ ವಯಸ್ಸಿನ ಹುಡುಗಿ, ನಯನಾ ಅಂತ. ಬೆನ್ನಿಗೊಂದು ಚೀಲ, ಚೀಲದಲ್ಲಿ ಲ್ಯಾಪ್‌ಟಾಪು, ಬೆರಳು ಗಾತ್ರದ ಒಂದು ಮೈಕು. ಎಷ್ಟು ವ್ಯಾಟು ಅಂತ ಕೇಳಲಿಲ್ಲ. "ಸರ್, ಅಜ್ಜಿ ಎಲ್ಲಿ ಕೂತ್ಕೊಳ್ತಾರೆ?" ಅಂತ ಕೇಳಿದಳು.

ನಡುವಿನ ಕುರ್ಚಿಯ ಮೇಲೆ ಆ ಮೈಕು ಇಟ್ಟು, ಮೊದಲು ಹಾಕಿದ್ದ ಹಾಗೆ ಮುಂದಿನ ವೂಫರಿನಿಂದ ಒಂದು ಸದ್ದು ಬಿಟ್ಟಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯೊಂದು ಬೆಟ್ಟದ ಸಾಲಿನ ಹಾಗೆ ಮೂಡಿತು, ನಡುವೆ ಒಂದು ಆಳವಾದ ಹಳ್ಳ. "ಚಮಾಳದ ಸದ್ದು ಬೀಳೋದು ಇಲ್ಲೇ ಸರ್," ಅಂತ ಹಳ್ಳಕ್ಕೆ ಬೆರಳಿಟ್ಟಳು.

ಅವಳು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮುಂದಿನ ಗೋಡೆಯ ಹತ್ತಿರದಿಂದ ಹೊರಟ ದಪ್ಪ ಸದ್ದು ಹಿಂದಿನ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಕೆಲವು ಕಡೆ ಸೇರಿ ಗುಡ್ಡವಾಗುತ್ತವೆ, ಕೆಲವು ಕಡೆ ಒಂದನ್ನೊಂದು ನುಂಗಿ ಹಳ್ಳವಾಗುತ್ತವೆ. ಗೋಡೆಯ ಹತ್ತಿರ ಗುಡ್ಡ, ಕೋಣೆಯ ನಡುವೆ ಹಳ್ಳ. ಒಂದೇ ಕಡೆ ಹತ್ತು ಪೆಟ್ಟಿಗೆ ಇಟ್ಟರೂ ಗುಡ್ಡ ಎತ್ತರವಾಗುತ್ತದೆಯೇ ಹೊರತು ಹಳ್ಳ ತುಂಬುವುದಿಲ್ಲ. ಎರಡನೆಯ ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟರೆ ಒಂದರ ಏರು ಇನ್ನೊಂದರ ತಗ್ಗಿಗೆ ಆಗಿಬರುತ್ತದೆ. ಹೆಚ್ಚು ವೂಫರು ಇಡುವುದು ಸದ್ದು ಹೆಚ್ಚಿಸಲಿಕ್ಕಲ್ಲ, ಎಲ್ಲ ಕುರ್ಚಿಗೂ ಸಮನಾಗಿ ಹಂಚಲಿಕ್ಕೆ. ನಾವು ಹಿರಿಯರಿಗೆ ಮರ್ಯಾದೆಯಿಂದ ಬಿಟ್ಟುಕೊಟ್ಟ ನಡುವಿನ ಜಾಗವೇ ಬೇಸಿನ ಪಾಲಿಗೆ ಬರಗಾಲದ ಜಾಗ.

"ಹಾಗಾದ್ರೆ ಬೇರೆ ಕಡೆ ಅಂದ್ರೆ ಎಲ್ಲಿ?" ಅಂದೆ.

"ಹುಡುಕಬೇಕು ಸರ್. ವೂಫರನ್ನ ಅಜ್ಜಿ ಕುರ್ಚಿ ಮೇಲೆ ಕೂರಿಸೋಣ. ನೀವು ಗೋಡೆ ಪಕ್ಕ ನೆಲದ ಮೇಲೆ ಅಂಬೆಗಾಲಲ್ಲಿ ಒಂದು ಸುತ್ತು ಬನ್ನಿ. ಎಲ್ಲಿ ಸದ್ದು ಚೆನ್ನಾಗಿ ಕೇಳ್ಸುತ್ತೋ ಅಲ್ಲಿ ವೂಫರ್ ಇಟ್ರೆ, ಕುರ್ಚಿಗೂ ಹಾಗೇ ಕೇಳ್ಸುತ್ತೆ. ಕಿವಿ ನೆಲದ ಮೇಲೆ ವೂಫರ್ ಇಡೋ ಎತ್ತರದಲ್ಲೇ ಇರ್ಬೇಕು, ಅದಕ್ಕೇ ಅಂಬೆಗಾಲು."

"ನಾನಾ? ಅಂಬೆಗಾಲಾ?"

"ನನ್ನ ಮೈಕಿಂದಲೂ ನೋಡ್ಬಹುದು. ಆದ್ರೆ ಆಗ್ಲೇ ನೀವೇ ಹೇಳಿದ್ರಲ್ಲ ಸರ್, ನಿಮ್ಮ ಕಿವಿ ಯಾವ ಮೈಕಿಗೂ ಕಮ್ಮಿ ಇಲ್ಲ ಅಂತ."

ಹೇಳಿದ್ದೆ. ಸ್ಟೇಷನ್ನಿನಿಂದ ಬರುವ ಆಟೋದಲ್ಲೇ ಹೇಳಿದ್ದೆ. ಬಾಗಿಲಲ್ಲಿ ಮರುಳಪ್ಪನವರು, ಶಾರದಮ್ಮ ನಿಂತಿದ್ದರು. ನಾನು ಮಾರುವ ಸಾಮಾನಿನ ಮುಂದೆ ಎಂದೂ ತಲೆಬಗ್ಗಿಸಿದವನಲ್ಲ. ಈಗ ವೂಫರು ತೇಗದ ಕುರ್ಚಿಯ ಮೇಲೆ ಯಜಮಾನನ ಹಾಗೆ ಕೂತು ವೀರಗಾಸೆಯ ಚಮಾಳ ಬಾರಿಸುತ್ತಿದೆ, ನಾನು ಅದರ ಮುಂದೆ ನಾಲ್ಕು ಕಾಲಿನ ಮೇಲೆ!

"ಹುಷಾರು ಕೆಂಚಣ್ಣ, ಮಂಡಿ," ಅಂದರು ಮರುಳಪ್ಪನವರು. "ಇನ್ನೊಂಚೂರು ವೇಗವಾಗಿ ಹೋದ್ರೆ ಮಕ್ಕಳನ್ನೂ ಕೂರಿಸ್ಬಹುದು."

"ಸುಮ್ನಿರಿ ಅಂದ್ರೆ," ಅಂತ ಶಾರದಮ್ಮ ಗಂಡನನ್ನು ಗದರಿ, ಸೆರಗು ಬಾಯಿಗೆ ಒತ್ತಿಕೊಂಡು ತಾವೇ ಒಳಗೆ ಓಡಿದರು. ನಗಲಿಕ್ಕೆ. ಅಷ್ಟೇ ಅಲ್ಲ, ಅತ್ತೆಯನ್ನೂ ಕರೆದುಕೊಂಡು ಬಂದರು.

ಬಾಗಿಲು ಹಾಕಿಕೊಂಡಿದ್ದ ಗಂಗಮ್ಮನವರು ಬಂದರು. ನನ್ನನ್ನು ನೋಡಿ, "ಏನ್ ಬಿದ್ದೋಯ್ತಪ್ಪಾ?" ಅಂದರು. ನಯನಾ ಅವರ ಕೈ ಹಿಡಿದು ಕುರ್ಚಿಯ ಮೇಲಿನ ಪೆಟ್ಟಿಗೆ ತೋರಿಸಿ, ಗೋಡೆ ತೋರಿಸಿ, ಅಂಗೈಯನ್ನು ಎದೆಗೆ ಮುಟ್ಟಿಸಿ ಏನೋ ಅಭಿನಯಿಸಿದಳು. ಅಜ್ಜಿಗೆ ಅರ್ಥವಾಯಿತು. ಕೋಲು ಸೊಸೆಗೆ ಕೊಟ್ಟು, ಗೋಡೆಗೆ ಅಂಗೈ ಇಟ್ಟು ಮೆಲ್ಲಗೆ ನಡೆಯತೊಡಗಿದರು. ಕೆಳಗೆ ನಾನು, ಮೇಲೆ ಅವರು. ಮುಂದಿನ ಗೋಡೆಯ ಕೆಳಗೆ, ನಾನು ಮೂರು ಪೆಟ್ಟಿಗೆ ನಿಲ್ಲಿಸಿದ್ದ ಜಾಗದಲ್ಲಿ, ಸತ್ತ ಸದ್ದು. ಅಜ್ಜಿ ತಲೆ ಅಲ್ಲಾಡಿಸಿದರು. ಕಿಟಕಿಯ ಬಳಿ ಸುಮಾರು. ಬಾಗಿಲ ಬಳಿ ಬರೀ ಗೊಗ್ಗರು. ಹಿಂದಿನ ಗೋಡೆಯ ನಡುವೆ, ಬಾಗಿಲಿಗೂ ಬೀರುವಿಗೂ ಮಧ್ಯೆ, ನನ್ನ ಕಿವಿಗೆ ಚಮಾಳ ದುಂಡಗೆ, ಹದವಾಗಿ ಬಿತ್ತು. ತಲೆಯೆತ್ತಿದೆ. ಅದೇ ಹೊತ್ತಿಗೆ ಅಜ್ಜಿಯೂ ನಿಂತರು.

"ಇಲ್ಲಿ," ಅಂದರು. ನಯನಾ ಮೈಕು ಹಿಡಿದು ನೋಡಿದಳು. ಗೆರೆಯೂ ಅದನ್ನೇ ಹೇಳಿತು.

ಮೂರನೆಯ ವೂಫರನ್ನು ಹಿಂದಿನ ಆ ಜಾಗಕ್ಕೆ ತಂದೆ. ಮುಂದೆ ಒಂದನ್ನು ಗೋಡೆಯ ನಡುವೆ ಬಿಟ್ಟು ಇನ್ನೊಂದನ್ನು ಹೊರಗಿಟ್ಟೆ. ಗಂಗಮ್ಮನವರನ್ನು ಕೂರಿಸಿ ವಿಡಿಯೋ ಹಚ್ಚಿದೆವು. ಅವರ ಮುಖ ನೋಡಿದೆ. ಏನೂ ಇಲ್ಲ. ಮೊದಲಿದ್ದ ಹಪ್ಪಳವೂ ಇಲ್ಲ! ಅಜ್ಜಿ ಕುರ್ಚಿಯ ಕೈ ಹಿಡಿದು ಏಳಲು ಹೊರಟರು.

ನಯನಾ ಮುಂದಿನ ಪೆಟ್ಟಿಗೆಯ ಹಿಂದೆ ಬಗ್ಗಿ ಟಾರ್ಚು ಹಾಕಿದಳು. "ಸರ್, ಈ ಗುಂಡಿ ಯಾರು ತಿರುಗಿಸಿದ್ದು? ಇಲ್ಲಿ ನೂರಾ ಎಂಬತ್ತು ಇದೆ. ಹಿಂದಿನದರಲ್ಲಿ ಸೊನ್ನೆ ಇದೆ."

ಕಂಪನಿಯವರು ಹಾಗೇ ಕಳಿಸಿದ್ದರು ಅಂತ ಹೇಳಿಬಿಡಬಹುದಿತ್ತು. ಆ ಹುಡುಗಿ ನಂಬುತ್ತಿದ್ದಳೋ ಏನೋ. ಆದರೆ ಅಜ್ಜಿ ಅರ್ಧ ಎದ್ದು ನಿಂತಿದ್ದರು, ಒಂದು ಗಳಿಗೆ ತಡಮಾಡಿದರೂ ಹೋಗಿಬಿಡುತ್ತಿದ್ದರು.

"ನಾನೇ ಕಣಮ್ಮಾ," ಅಂದೆ. "ಸೊನ್ನೆಗಿಂತ ನೂರಾ ಎಂಬತ್ತು ಜಾಸ್ತಿ ಅಲ್ವಾ ಅಂತ, ಮಾರಿದ ವೂಫರಿಗೆಲ್ಲ ಅದೇ ಇಟ್ಕೊಂಡು ಬಂದಿದೀನಿ."

ಅದು ಸದ್ದಿನ ಗುಂಡಿಯೇ ಅಲ್ಲ. ಒಂದು ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ದೂಡುವಾಗ ಇನ್ನೊಂದೂ ಮುಂದಕ್ಕೆ ದೂಡಬೇಕೋ, ಹಿಂದಕ್ಕೆ ಎಳೆಯಬೇಕೋ ಅನ್ನುವುದನ್ನು ತಿರುಗಿಸುವ ಗುಂಡಿ. ಒಂದೇ ಇದ್ದರೆ ಹೇಗಿದ್ದರೂ ನಡೆಯುತ್ತದೆ, ಎರಡೂ ಒಂದೇ ಥರ ಇದ್ದರೂ ನಡೆಯುತ್ತದೆ. ಒಂದು ಹೀಗೆ, ಒಂದು ಹಾಗೆ ಇದ್ದರೆ, ಒಬ್ಬ ತೂಗುವ ತೊಟ್ಟಿಲನ್ನು ಇನ್ನೊಬ್ಬ ಎದುರಿನಿಂದ ಹಿಡಿದು ನಿಲ್ಲಿಸಿದ ಹಾಗೆ. ಮೂರನೆಯದು ತಂದ ದಿನ ಸದ್ದು ಇಳಿದದ್ದೂ ಇದಕ್ಕೇ. ಕೆಲಸಕ್ಕೆ ಬರುವವರು ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಗೊತ್ತಿಲ್ಲದ ಗುಂಡಿಯನ್ನು ಗೊತ್ತಿರುವವರನ್ನು ಕೇಳಿ ತಿರುಗಿಸಿ. ನಾನು ಆ ಹುಡುಗಿಯನ್ನು ಹತ್ತು ವರ್ಷ ಮೊದಲೇ ಕೇಳಬೇಕಿತ್ತು, ಆಗ ಅವಳು ಸ್ಕೂಲಿನಲ್ಲಿದ್ದಳು ಅಷ್ಟೆ.

ನಯನಾ ನಗಲಿಲ್ಲ. ಅವಳು ನಗದೇ ಇದ್ದುದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ನೀವೇ ತಿರುಗ್ಸಿ ಸರ್," ಅಂದಳು. ಮತ್ತೆ ಮಂಡಿಯೂರಿ, ಪೆಟ್ಟಿಗೆಯ ಹಿಂದೆ ಕೈ ತೂರಿಸಿ ತಿರುಗಿಸಿದೆ.

ಮರುಳಪ್ಪನವರು ತಾಯಿಯ ಹೆಗಲು ಮುಟ್ಟಿ, ಇನ್ನೊಂದೇ ಸಲ ಅಂತ ಬೆರಳು ತೋರಿಸಿದರು. ಮಗನ ಮಾತಿಗೆ ಕೂತರು, ಆಸೆಗಲ್ಲ. ವಿಡಿಯೋ ಮೊದಲಿನಿಂದ ಹಚ್ಚಿದೆ. ವೀರಭದ್ರನ ಒಡಪು ಹೇಳುವವನ ಬಾಯಿ ಆಡಿತು, ಅಜ್ಜಿಗೆ ಅದು ಬರೀ ಬಾಯಿ. ಅವನು ಕತ್ತಿ ಎತ್ತಿದ. ಚಮಾಳದವನು ಕಡ್ಡಿ ಎತ್ತಿದ.

ಮೊದಲ ಬಡಿತಕ್ಕೆ ಗಂಗಮ್ಮನವರ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಬೆನ್ನು ನೆಟ್ಟಗಾಯಿತು. ಆಮೇಲೆ ಬಲಪಾದ ಜಗಲಿಯ ಹಲಗೆಯ ಮೇಲೆ ತಾನಾಗಿಯೇ ಬೀಳತೊಡಗಿತು, ಒಂದೊಂದೇ, ಬಡಿತಕ್ಕೆ ಸರಿಯಾಗಿ. ಸದ್ದು ಹೆಚ್ಚಿರಲಿಲ್ಲ. ಅಡುಗೆಮನೆಯ ಲೋಟಗಳು ಇದ್ದಲ್ಲೇ ಇದ್ದವು. ಮರುಳಪ್ಪನವರು ಕಣ್ಣು ಒರೆಸಿಕೊಳ್ಳುವುದನ್ನು ಯಾರೂ ನೋಡದ ಹಾಗೆ ನೋಡಿದೆವು.

ಮೂರನೆಯ ಸುತ್ತಿನಲ್ಲಿ ಅಜ್ಜಿಯ ಪಾದ ಗಾಳಿಯಲ್ಲೇ ನಿಂತುಬಿಟ್ಟಿತು. ವೂಫರು ಕೈಕೊಟ್ಟಿತೆಂದು ಅತ್ತ ಓಡಲು ಹೊರಟೆ.

"ಕಡ್ಡಿ ಜಾರಿಸ್ದ ನೋಡು, ಬಡ್ಡೀಮಗ!" ಅಂದರು ಅಜ್ಜಿ.

ಪರದೆ ನೋಡಿದರೆ ನಿಜ. ಚಮಾಳದವನು ಬಗ್ಗಿ ನೆಲದಿಂದ ಕಡ್ಡಿ ಎತ್ತಿಕೊಳ್ಳುತ್ತಿದ್ದಾನೆ. ಆ ವಿಡಿಯೋವನ್ನು ಹತ್ತು ಸಲ ನೋಡಿದ್ದ, ಎರಡೂ ಕಿವಿ ನೆಟ್ಟಗಿದ್ದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಮರುಳಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ವರ್ಷಗಳ ಅಭ್ಯಾಸದ ಹಾಗೆ ತಾಯಿಯ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಅವ್ವಾ! ಕೇಳುಸ್ತೇನವ್ವಾ?"

ಗಂಗಮ್ಮನವರು ಕಣ್ಣು ಪರದೆಯಿಂದ ತೆಗೆಯದೆ ಮಗನ ಮುಖವನ್ನು ಅಂಗೈಯಿಂದ ಆಚೆಗೆ ತಳ್ಳಿದರು.

"ಸುಮ್ಕಿರೋ ಮರುಳಾ. ಗಲಾಟೆ ಮಾಡ್ಬೇಡ."